ಮಡಿಲ ಮಾತ್ರೆ

ನಮ್ಮೂರಿನಲ್ಲಿ ಔಷಧಿ ಸತ್ತರೆ ಎಲ್ಲರಿಗೂ ಒಟ್ಟಿಗೇ ಗೊತ್ತಾಗುತ್ತದೆ. ಅದರ ಬಣ್ಣ ಹೋಗಿಬಿಡುತ್ತದೆ. ಕೆಂಪು ಮಾತ್ರೆ ಇರಲಿ, ಕಿತ್ತಳೆ ಕ್ಯಾಪ್ಸೂಲ್ ಇರಲಿ, ಅದು ಸಾಯುವ ಗಳಿಗೆಯಲ್ಲಿ ಅಂಗಡಿಯಲ್ಲಿದ್ದದ್ದು, ಆಸ್ಪತ್ರೆಯ ಬೀರುವಿನಲ್ಲಿದ್ದದ್ದು, ದೇವರ ಗೂಡಿನಲ್ಲಿ ಅರಿಶಿನದ ಬಟ್ಟಲಿನ ಹಿಂದೆ ಬಚ್ಚಿಟ್ಟದ್ದು, ಎಲ್ಲವೂ ಸುಣ್ಣದ ಹಾಗೆ ಬಿಳಿಯಾಗುತ್ತವೆ. ಹೊರಗಿನಿಂದ ಹೊಸ ಪೆಟ್ಟಿಗೆ ತರಿಸಿದರೂ ಪ್ರಯೋಜನವಿಲ್ಲ. ಊರ ನಾಕಾ ದಾಟುತ್ತಿದ್ದ ಹಾಗೆ ಅದೂ ಬಿಳುಚಿಕೊಳ್ಳುತ್ತದೆ. ನಾವೇ ಬೇರೆ ಊರಿಗೆ ಹೋಗಿ ತೋರಿಸಿಕೊಳ್ಳೋಣವೆಂದರೆ ಅಲ್ಲಿಯ ಮಾತ್ರೆ ನಮ್ಮ ಅಂಗೈಗೆ ಬಿದ್ದ ಕೂಡಲೇ ಬಣ್ಣ ಬಿಡುತ್ತದೆ. ಒಂದೆರಡು ಸಲ ಹಾಗಾದ ಮೇಲೆ ಹೊರಗಿನ ಆಸ್ಪತ್ರೆಯವರು ನಮ್ಮನ್ನು ಗೇಟಿನಲ್ಲೇ ತಡೆದು ಯಾವ ಊರು ಎಂದು ಕೇಳತೊಡಗಿದರು. ನಾವು ಹೋಗುವುದನ್ನು ಬಿಟ್ಟೆವು.

ಜನ ಇದಕ್ಕೂ ಒಗ್ಗಿಕೊಂಡರು. ಮೆಡಿಕಲ್ ಶಾಪಿನ ಚೆನ್ನವೀರಪ್ಪ ಒಂದೊಂದು ಬಣ್ಣದ ಮಾತ್ರೆಯನ್ನು ಒಂದೊಂದು ಗಾಜಿನ ಭರಣಿಯಲ್ಲಿ ಹಾಕಿ ಬೀದಿಗೆ ಕಾಣುವ ಹಾಗೆ ಸಾಲಾಗಿ ಇಟ್ಟಿದ್ದಾನೆ. ಬೆಳಿಗ್ಗೆ ಹಾಲು ತರಲು ಹೋಗುವವರು ಆ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾರೆ. ಒಂದು ಭರಣಿ ಬಿಳಿಯಾಗಿದ್ದರೆ ಅಯ್ಯೋ ಅನ್ನುತ್ತಾರೆ, ಹಾಲು ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಸತ್ತ ಮಾತ್ರೆಗಳನ್ನು ಸ್ಕೂಲಿನ ಮೇಷ್ಟ್ರು ಚೀಲಗಟ್ಟಲೆ ಒಯ್ದು ಪುಡಿ ಮಾಡಿಸಿ ಕಬಡ್ಡಿ ಅಂಕಣಕ್ಕೆ ಗೆರೆ ಹಾಕಿಸುತ್ತಾರೆ. ಹೆಂಗಸರು ರಂಗೋಲಿ ಪುಡಿಗೆ ಬೆರೆಸುತ್ತಾರೆ, ಚೆನ್ನಾಗಿ ಹಿಡಿಯುತ್ತದಂತೆ. ಹೆಣ್ಣು ನೋಡಲು ಬಂದವರು ಕಾಫಿ ಕುಡಿದ ಮೇಲೆ ನಿಮ್ಮ ಮನೆಯಲ್ಲಿ ಯಾವ ಯಾವ ಬಣ್ಣ ಇಟ್ಟುಕೊಂಡಿದ್ದೀರಿ ಎಂದು ವಿಚಾರಿಸುತ್ತಾರೆ. ಚಿನ್ನದ ಮಾತು ಅದಾದ ಮೇಲೆ.

ನನ್ನ ಹೆಸರು ವಿಶಾಲಾಕ್ಷಿ. ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಊರಿನವರ ಮೂತ್ರ ಪರೀಕ್ಷೆ ಮಾಡುತ್ತಿದ್ದೇನೆ. ಹೀಗೆ ಹೇಳಿದರೆ ಜನ ಮುಖ ಸಿಂಡರಿಸುತ್ತಾರೆ. ಅವರ ಒಳಗಿನದನ್ನೇ ನೋಡುತ್ತಿದ್ದೇನೆ, ಮುಖ ಸಿಂಡರಿಸಬೇಕಾದವಳು ನಾನು. ಬಾಟಲಿಯಲ್ಲಿ ಬಂದದ್ದನ್ನು ಒಂದು ಹನಿಯಷ್ಟು ತೆಗೆದು ಗಾಜಿನ ತಟ್ಟೆಯ ಮೇಲೆ ಸವರುತ್ತೇನೆ. ಮರುದಿನ ಬೆಳಿಗ್ಗೆಗೆ ಅದರ ಮೇಲೆ ಗುಲಾಬಿ ಚುಕ್ಕಿಗಳು ಎದ್ದಿರುತ್ತವೆ. ಹತ್ತರಲ್ಲಿ ಎಂಟು ಸಲ ಅದು ಇ. ಕೋಲೈ. ಎಲ್ಲರ ಕರುಳಿನಲ್ಲೂ ತೆಪ್ಪಗೆ ಬಿದ್ದಿರುವ ಬ್ಯಾಕ್ಟೀರಿಯಾ ಅದು. ಅಲ್ಲಿಂದ ಮೂತ್ರದ ದಾರಿಗೆ ದಾಟಿಕೊಂಡರೆ ಮಾತ್ರ ತಂಟೆ ಶುರು. ಹೆಂಗಸರಿಗೆ ಆ ದಾರಿ ಗಿಡ್ಡ, ದೇವರು ಕೊಟ್ಟದ್ದೇ ಹಾಗೆ. ಅದರ ಮೇಲೆ ನಮ್ಮೂರಿನ ಹೆಂಗಸರು ನೀರು ಕುಡಿಯುವುದಿಲ್ಲ. ಕುಡಿದರೆ ಎದ್ದು ಹೋಗಬೇಕಲ್ಲ. ಮನೆಗಳಲ್ಲಿ ಬಚ್ಚಲು ಇರುವುದು ಪಡಸಾಲೆಯ ಆಚೆ, ಪಡಸಾಲೆಯಲ್ಲಿ ಮಾವ, ಭಾವ, ಅವರ ಸ್ನೇಹಿತರು. ಹೊಸ ಸೊಸೆ ಅವರೆಲ್ಲರ ಎದುರಿಗೆ ಎಷ್ಟು ಸಲ ಹೋಗಿ ಬಂದಾಳು? ತಡೆದುಕೊಳ್ಳುತ್ತಾಳೆ. ತಡೆದುಕೊಂಡದ್ದು ಒಳಗೇ ಕೊಳೆಯುತ್ತದೆ. ಒಂದಕ್ಕೆ ಹೋಗುವಾಗ ಉರಿ, ಕಿಬ್ಬೊಟ್ಟೆ ನೋವು. ಕೇಳಿದರೆ ಉಷ್ಣ ಅನ್ನುತ್ತಾಳೆ. ಇಡೀ ಊರಿನಲ್ಲಿ ಅದಕ್ಕೆ ಅದೊಂದೇ ಹೆಸರು.

ಚುಕ್ಕಿಗಳನ್ನು ಇನ್ನೊಂದು ತಟ್ಟೆಯ ತುಂಬ ಸವರಿ, ಅದರ ಮೇಲೆ ಒಂದೊಂದು ಔಷಧಿ ಅದ್ದಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಡುತ್ತೇನೆ. ಔಷಧಿಗೆ ಜೀವ ಇದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ದುಂಡಗೆ ಒಂದು ಬಯಲು ಉಳಿಯುತ್ತದೆ. ಬಯಲು ದೊಡ್ಡದಿದ್ದರೆ ಔಷಧಿ ಗಟ್ಟಿ. ಊರಿಗೆ ಬಣ್ಣ ಹೋದಾಗ ಗೊತ್ತಾಗುವುದು ನನಗೆ ತಿಂಗಳುಗಳ ಮುಂಚೆ ಗೊತ್ತಾಗುತ್ತದೆ, ಬಯಲು ಚಿಕ್ಕದಾಗುತ್ತಾ ಬರುತ್ತದೆ. ನಾನು ಸ್ಕೇಲು ಇಟ್ಟು ಅಳೆಯುತ್ತೇನೆ, ಡಾಕ್ಟರ್ ಫಿರ್ದೋಸ್ ಮೇಡಂ ಅವರಿಗೆ ಬರೆದು ಕೊಡುತ್ತೇನೆ. ಅವರು ಪ್ರತಿಯೊಬ್ಬ ಹೆಂಗಸಿಗೂ ಬಿಡಿಸಿ ಹೇಳುತ್ತಾರೆ, ಕೊಟ್ಟಷ್ಟು ದಿನವೂ ತಗೊಳ್ಳಮ್ಮ, ಉರಿ ಹೋಯ್ತು ಅಂತ ನಿಲ್ಲಿಸಬೇಡ, ಮೊದಲು ಸಾಯೋದು ಬಡಪಾಯಿ ಕ್ರಿಮಿಗಳು, ಉಳಿಯೋದು ಗಟ್ಟಿ ಪಿಂಡಗಳು, ಅವೇ ಆಮೇಲೆ ಸಂಸಾರ ಬೆಳೆಸೋದು. ಹೆಂಗಸರು ಹೂಂ ಹೂಂ ಎಂದು ತಲೆಯಾಡಿಸಿ ಮನೆಗೆ ಹೋಗಿ ಮೂರನೆಯ ದಿನಕ್ಕೆ ನಿಲ್ಲಿಸುತ್ತಾರೆ. ಉಳಿದದ್ದನ್ನು ಎತ್ತಿಡುತ್ತಾರೆ.

ಎತ್ತಿಡುವುದು ಜಿಪುಣತನಕ್ಕಲ್ಲ, ಮಗಳಿಗಾಗಿ. ನಮ್ಮೂರಿನಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನದ ಕೊಂಬು ಹಾಕಿ, ಎಲ್ಲದರ ಕೆಳಗೆ ಒಂದು ಅರ್ಧ ಪಟ್ಟಿ ಮಾತ್ರೆ ಇಡುತ್ತಾರೆ. ಹೊಸದಾಗಿ ಮದುವೆಯಾದವಳಿಗೆ ಈ ಉರಿ ಬಂದೇ ಬರುತ್ತದೆ. ಅತ್ತೆಗೆ ಹೇಳುವ ಹಾಗಿಲ್ಲ, ಬಾಟಲಿ ಹಿಡಿದುಕೊಂಡು ಪೇಟೆ ಬೀದಿಯಲ್ಲಿ ಆಸ್ಪತ್ರೆಗೆ ಬರುವ ಹಾಗಿಲ್ಲ. ತಾಯಿ ಇಟ್ಟದ್ದನ್ನು ಬಚ್ಚಲಿಗೆ ಹೋಗುವಾಗ ಬಾಯಿಗೆ ಹಾಕಿಕೊಂಡರೆ ಮರ್ಯಾದೆ ಉಳಿಯಿತು. ತಾಯಿಯಾದವಳು ತನ್ನ ಉರಿಯನ್ನು ಅರ್ಧಕ್ಕೆ ಸಹಿಸಿಕೊಂಡು ಉಳಿಸಿದ ಮಾತ್ರೆ ಅದು. ಅಂಗಡಿಯಲ್ಲಿ ಹೊಸದು ಕೊಂಡು ಇಟ್ಟರೆ ಅದಕ್ಕೆ ಬೆಲೆಯಿಲ್ಲ.

ಇದೆಲ್ಲ ಮೂಢತನವೆಂದು ಇಪ್ಪತ್ತೈದು ವರ್ಷ ಎಲ್ಲರ ಮನೆಯ ಆರತಕ್ಷತೆಯಲ್ಲೂ ಕೂತು ಹೇಳಿದವಳು ನಾನು. ನನ್ನ ಬಾಯಿಗೆ ಹೆದರಿ ಕೆಲವರು ಮಡಿಲು ಕಟ್ಟುವಾಗ ನನ್ನನ್ನು ಊಟದ ಪಂಕ್ತಿಗೆ ಸಾಗಹಾಕುತ್ತಿದ್ದರು. ಆಮೇಲೆ ನನ್ನ ಮಗಳು ಕುಮುದಳ ಮದುವೆ ಗೊತ್ತಾಯಿತು.

ಹುಡುಗ ಮಹಾಂತೇಶ ಒಳ್ಳೆಯವನು, ಊರಿನವನೇ, ಕೋಟೆ ಕೇರಿಯವನು. ಮನೆ ನೋಡಲು ಹೋದಾಗ ನಾನು ಮೊದಲು ನೋಡಿದ್ದು ಬಚ್ಚಲು ಎಲ್ಲಿದೆ ಎಂದು. ಪಡಸಾಲೆಯ ಆಚೆಗೇ ಇತ್ತು. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದಾಗ ನಾನು ಅಂಥದ್ದೇ ಮನೆಯಲ್ಲಿ ಒಂದು ತಿಂಗಳು ಉರಿಯಲ್ಲಿ ಬೆಂದಿದ್ದೆ. ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು, ಮಡಿಲಲ್ಲಿ ಏನೂ ಇರಲಿಲ್ಲ. ಆ ತಿಂಗಳನ್ನು ನಾನು ಯಾರಿಗೂ ಹೇಳಿಲ್ಲ, ಮರೆತೂ ಇಲ್ಲ.

ಮದುವೆಗೆ ಹದಿನೈದು ದಿನವಿದ್ದಾಗ ನನಗೇ ಉರಿ ಶುರುವಾಯಿತು. ಓಡಾಟದಲ್ಲಿ ನೀರು ಕುಡಿದಿರಲಿಲ್ಲ. ಫಿರ್ದೋಸ್ ಮೇಡಂ ಏಳು ದಿನಕ್ಕೆ ಹದಿನಾಲ್ಕು ಹಳದಿ ಮಾತ್ರೆ ಕೊಟ್ಟರು. ಆ ಹೊತ್ತಿಗೆ ಊರಿನಲ್ಲಿ ಈ ಕಾಯಿಲೆಗೆ ಉಳಿದಿದ್ದದ್ದು ಎರಡೇ ಬಣ್ಣ. ಮೂತ್ರಕೋಶದ ಮಟ್ಟಕ್ಕೆ ಹಳದಿ ಮಾತ್ರೆ, ಅದು ಮೇಲೇರಿ ಮೂತ್ರಪಿಂಡ ಹಿಡಿದರೆ ಆಸ್ಪತ್ರೆಯ ಫ್ರಿಜ್ಜಿನಲ್ಲಿರುವ ನೀಲಿ ಇಂಜೆಕ್ಷನ್. ಮೂರನೆಯ ದಿನಕ್ಕೆ ನನ್ನ ಉರಿ ಹೋಯಿತು. ಆರು ಮಾತ್ರೆ ಮುಗಿದಿತ್ತು, ಎಂಟು ಉಳಿದಿತ್ತು. ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ತಟ್ಟೆಯ ಮೇಲೆ ಹಳದಿಯ ಬಯಲು ಚಿಕ್ಕದಾಗುತ್ತಿರುವುದು ನನಗೆ ಗೊತ್ತಿತ್ತು. ಇಡೀ ಊರಿನಲ್ಲಿ ಗೊತ್ತಿದ್ದದ್ದು ನನಗೆ, ಮೇಡಂಗೆ, ಇಬ್ಬರಿಗೇ. ಎಂಟು ಮಾತ್ರೆಯಿಂದ ಏನಾದೀತು ಅಂದುಕೊಂಡೆ. ಮಡಿಲಿನ ಅಕ್ಕಿಯ ಕೆಳಗೆ ಇಟ್ಟೆ. ಕುಮುದ ಅದನ್ನು ಬೆರಳಿನಲ್ಲಿ ತಡವಿ ನೋಡಿ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. ನಾನು ಇಡುವುದಿಲ್ಲ ಅಂತಲೇ ತಿಳಿದಿದ್ದಳು, ಪಾಪ.

ಅದಾಗಿ ಎಂಟು ತಿಂಗಳು ಕಳೆದಿತ್ತು, ಕುಮುದಳಿಗೆ ಮೂರು ತಿಂಗಳು ತುಂಬಿತ್ತು. ಒಂದು ಸೋಮವಾರ ಲ್ಯಾಬಿಗೆ ಬಂದ ಬಾಟಲಿಗಳಲ್ಲಿ ಒಂದರ ಮೇಲೆ ಅವಳ ಹೆಸರಿತ್ತು. ಮೇಡಂ ಹತ್ತಿರ ಬಂದವಳು ಎರಡು ಬಾಗಿಲ ಆಚೆ ಕೂತಿದ್ದ ತಾಯಿಗೆ ಮುಖ ತೋರಿಸದೆ ಹೋಗಿದ್ದಳು. ಬಾಟಲಿಯಲ್ಲಿದ್ದದ್ದು ಮಂಕಾಗಿ ಕದಡಿತ್ತು. ತಟ್ಟೆಗೆ ಸವರಿಟ್ಟು ಸಂಜೆ ಕೋಟೆ ಕೇರಿಗೆ ಹೋದೆ.

ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಾ ಕೂತಿದ್ದಳು. ಮುಖ ಸಪ್ಪಗಿತ್ತು.

"ಏನೂ ಇಲ್ಲಮ್ಮ, ಉಷ್ಣ. ಮೇಡಂ ಹಳದಿದೇ ಬರ್ಕೊಟ್ಟಿದಾರೆ."

"ಮುಂಚೆ ಬಂದಿತ್ತಾ?"

"ಎರಡು ಸಲ ಬಂದಿತ್ತು. ನೀನು ಇಟ್ಟಿದ್ಯಲ್ಲ, ಮೊದಲ್ನೇ ಸಲ ಎರಡು ತಗೊಂಡೆ, ನಿಂತೋಯ್ತು. ಇನ್ನೊಂದ್ಸಲ ಒಂದೇ ತಗೊಂಡೆ."

"ಮಿಕ್ಕಿದ್ದು ಎಲ್ಲೇ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಈ ಕೇರೀಲಿ ನನ್ನಂಗೇ ಹೊಸದಾಗಿ ಬಂದವರು ಮೂರು ಜನ ಅವರೆ. ಅವರ ಅಮ್ಮಂದಿರು ಇಟ್ಟಿದ್ದು ಬೇರೆ ಬಣ್ಣದ್ದು, ಎಲ್ಲ ಬೆಳ್ಳಗಾಗೋಗಿತ್ತು. ಲ್ಯಾಬಿನೋರು ಮಗಳಿಗೆ ಇಟ್ಟವ್ರೆ ಅಂದ್ರೆ ಒಳ್ಳೇದೇ ಇರುತ್ತೆ ಅಂತ ಕೇಳ್ಕೊಂಡು ಬಂದ್ರು. ಹೆಂಗೆ ಇಲ್ಲ ಅನ್ನಲಮ್ಮ? ಒಬ್ಬೊಬ್ಬರಿಗೆ ಒಂದೋ ಎರಡೋ ಕೊಟ್ಟೆ."

ಅವಳೇ ಮತ್ತೆ ಅಂದಳು, "ನೀನೇ ಇಟ್ಟಿದ್ದಲ್ವಾ. ಅದಕ್ಕೇ ಧೈರ್ಯವಾಗಿ ಕೊಟ್ಟೆ."

ನಾಲ್ಕು ಹೆಣ್ಣುಮಕ್ಕಳು, ಎಂಟು ಮಾತ್ರೆ. ಒಬ್ಬೊಬ್ಬರ ಹೊಟ್ಟೆಯಲ್ಲೂ ಬಡಪಾಯಿಗಳು ಸತ್ತು ಗಟ್ಟಿ ಪಿಂಡಗಳು ಉಳಿದವು. ಇದನ್ನು ವಿಷವೆಂದು ಕೊಟ್ಟಿದ್ದರೆ ಯಾರೂ ತಿನ್ನುತ್ತಿರಲಿಲ್ಲ. ನನ್ನ ಹೆಸರು ನೋಡಿ ತಿಂದರು. ಹುರುಳಿಕಾಯಿಯ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಅವಳ ಜೊತೆ ಸೋಸತೊಡಗಿದೆ.

ಮಂಗಳವಾರ ಚುಕ್ಕಿಗಳು ಎದ್ದವು. ಬಿಲ್ಲೆಗಳನ್ನು ಇಟ್ಟೆ. ಬುಧವಾರ ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದು ನೋಡಿದರೆ ಹಳದಿ ಬಿಲ್ಲೆಯ ಅಂಚಿನವರೆಗೂ ಒತ್ತಾಗಿ ಬೆಳೆದುಕೊಂಡಿದ್ದವು, ಅಳೆಯಲು ಬಯಲೇ ಇರಲಿಲ್ಲ. ನೀಲಿಯ ಸುತ್ತ ಮಾತ್ರ ಜಾಗವಿತ್ತು. ತಟ್ಟೆ ಇನ್ನೂ ಕೈಯಲ್ಲಿರುವಾಗಲೇ ಹೊರಗೆ ಗಲಾಟೆ ಕೇಳಿಸಿತು. ಚೆನ್ನವೀರಪ್ಪ ಅಂಗಡಿಯ ಮುಂದೆ ನಿಂತು ಭರಣಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಹಳದಿ ಹೋಗಿತ್ತು.

ಮಧ್ಯಾಹ್ನ ಕುಮುದಳನ್ನು ಆಟೋದಲ್ಲಿ ಕರೆತಂದರು. ಎರಡು ಕಂಬಳಿ ಹೊದಿಸಿದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು. ಸೊಂಟದ ಮೇಲೆ ಬಲಗಡೆ ಮುಟ್ಟಿದರೆ ಕಿರುಚುತ್ತಿದ್ದಳು. ಮೇಡಂ ನೋಡಿದ ಕೂಡಲೇ ಮೂತ್ರಪಿಂಡಕ್ಕೆ ಏರಿದೆ ಅಂದರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, "ಅಕ್ಕ, ನೀಲಿ ಹಾಕ್ತೀನಿ. ಏಳು ದಿನ, ಹದಿನಾಲ್ಕು. ಒಂದೂ ಕಮ್ಮಿಯಾಗೋ ಹಾಗಿಲ್ಲ. ಕಮ್ಮಿ ಆದ್ರೆ ಮಗುನೂ ಉಳಿಯಲ್ಲ, ಮಗಳೂ ಉಳಿಯೋದು ಕಷ್ಟ. ನೀಲಿನೂ ಸತ್ತೋದ್ರೆ ಆಮೇಲೆ ಈ ಊರಲ್ಲಿ ಇನ್ಯಾರಿಗೂ ಕೊಡೋಕೆ ನನ್ನ ಹತ್ರ ಏನೂ ಇರಲ್ಲ."

ಹದಿನಾಲ್ಕು ಸಣ್ಣ ನೀಲಿ ಸೀಸೆಗಳನ್ನು ಕುಮುದಳ ಹೆಸರು ಬರೆದ ಡಬ್ಬಿಯಲ್ಲಿ ಹಾಕಿ ಲ್ಯಾಬಿನ ಫ್ರಿಜ್ಜಿನಲ್ಲಿ ಇಟ್ಟರು. ಕೀ ನನ್ನ ಹತ್ತಿರ. ಬೆಳಿಗ್ಗೆ ಒಂದು, ಸಂಜೆ ಒಂದು, ನಾನೇ ತೆಗೆದುಕೊಟ್ಟು ನರ್ಸು ಚುಚ್ಚುವವರೆಗೂ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಮೊದಲ ಎರಡು ದಿನ ಅವಳಿಗೆ ನನ್ನ ಗುರುತೂ ಸರಿಯಾಗಿ ಸಿಗಲಿಲ್ಲ. ಮೂರನೆಯ ದಿನ ಜ್ವರ ಇಳಿಯಿತು. ನಾಲ್ಕನೆಯ ದಿನ ಗಂಜಿ ಕುಡಿದಳು. ಐದನೆಯ ದಿನ ಎದ್ದು ಕೂತು ತಲೆ ಬಾಚಿಸಿಕೊಂಡಳು. ಅದೇ ದಿನ ಅವಳ ಅತ್ತೆ ಸಿದ್ದಲಿಂಗಮ್ಮ ಬಂದು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಒರಟು ಹೆಂಗಸಲ್ಲ, ಸೊಸೆಗೆ ದಿನವೂ ಸಾರು ಮಾಡಿ ತಂದವರು.

"ಬೀಗರೇ, ಹುಡುಗಿ ಗೆಲುವಾದ್ಲು, ನಿಮ್ಮ ಪುಣ್ಯ. ಇನ್ನೆಷ್ಟು ಸೀಸೆ ಅವೆ?"

"ಐದು."

"ಒಂದು ಹಾಕ್ಸಿ, ನಾಕು ಎತ್ತಿಡಿ. ಹಳದಿ ಹೋಯ್ತು. ನಾಳೆ ಹೆರಿಗೆ ಹೊತ್ತಿಗೆ ಮತ್ತೆ ಬಂದ್ರೆ ಆ ಡಾಕ್ಟ್ರಮ್ಮ ಇಲ್ಲ ಅಂದ್ಬಿಟ್ರೆ ಏನ್ ಮಾಡದು? ನಾನೇನು ನನ್ನ ಮಗಳಿಗೆ ಕೇಳ್ತಿಲ್ಲ. ನಿಮ್ಮ ಮಗಳಿಗೇ ಇಡಿ ಅಂತೀನಿ."

"ಅದು ಏಳು ದಿನ ಪೂರ್ತಿ ಹೋಗಬೇಕು."

"ನಿಮ್ಮ ಪುಸ್ತಕದಲ್ಲಿ ಹಂಗೇ ಇರುತ್ತೆ. ಹೊಟ್ಟೇಲಿ ಹುಟ್ಟಿದ್ದಕ್ಕೆ ಇಟ್ಕೊಳ್ಳೋಕೆ ಯಾವ ಪುಸ್ತಕ ನೋಡ್ಬೇಕು?"

ನಾನು ಅವರಿಗೆ ಉತ್ತರ ಕೊಡಬಲ್ಲೆ. ಇಪ್ಪತ್ತೈದು ವರ್ಷ ಕೊಟ್ಟಿದ್ದೇನೆ. ಆದರೆ ಅವರು ಹೋದ ಮೇಲೆ ಕುಮುದ ನನ್ನ ಸೆರಗು ಹಿಡಿದಳು.

"ಅಮ್ಮ, ಎರಡಾದ್ರೂ ಇಡು. ಆ ಚಳಿ ಮತ್ತೆ ಬಂದ್ರೆ ನಾನು ತಡ್ಕೊಳ್ಳಲ್ಲ. ನಿಂಗೊತ್ತಿಲ್ಲ ಅದು ಹೆಂಗಿತ್ತು ಅಂತ. ಈಗ ಹುಷಾರಾಗಿದೀನಲ್ಲ, ನೋಡು. ಕೀ ನಿನ್ನತ್ರನೇ ಐತೆ. ಯಾರಿಗೆ ಗೊತ್ತಾಗುತ್ತೆ?"

ಆಗ ನಾನು ಎಲ್ಲವನ್ನೂ ಹೇಳಿದೆ. ನಾನು ಆರಕ್ಕೆ ನಿಲ್ಲಿಸಿದ್ದು, ಎಂಟು ಇಟ್ಟದ್ದು, ಹಳದಿ ಸಾಯುತ್ತಿದೆ ಎಂದು ಗೊತ್ತಿದ್ದೂ ಇಟ್ಟದ್ದು, ಅವಳು ಹಂಚಿದ್ದು, ತಟ್ಟೆಯಲ್ಲಿ ನಾನು ನೋಡಿದ್ದು. ಅವಳ ಚಳಿಜ್ವರವನ್ನು ನಾನೇ ಅಕ್ಕಿಯ ಕೆಳಗೆ ಕಟ್ಟಿ ಕಳಿಸಿದೆ ಎಂದೂ ಹೇಳಿದೆ. ಕುಮುದ ಬೆರಗಾಗಿ ನನ್ನ ಮುಖವನ್ನೇ ನೋಡಿದಳು. ಕೋಪ ಮಾಡಿಕೊಳ್ಳುತ್ತಾಳೆ ಎಂದು ಕಾದೆ. ಅವಳು ನಂಬಲೇ ಇಲ್ಲ.

"ಹಂಗೆಲ್ಲ ಅನ್ಬೇಡಮ್ಮ. ನನಗೆ ಅಂತ ನೀನು ಒಂದೇ ಒಂದ್ಸಲ ಎತ್ತಿಟ್ಟಿದ್ದು ಅದು. ಅದನ್ನೂ ತಪ್ಪು ಅಂತೀಯಾ?"

ಲ್ಯಾಬಿಗೆ ಬಂದು ಫ್ರಿಜ್ಜು ತೆಗೆದೆ. ಐದು ನೀಲಿ ಸೀಸೆಗಳು ತಣ್ಣಗೆ ಕೂತಿದ್ದವು. ಎರಡನ್ನು ತೆಗೆದು ನನ್ನ ಊಟದ ಬುತ್ತಿಯ ಪಕ್ಕ ಇಟ್ಟೆ. ಸುಳ್ಳು ಹೇಳುವುದಿಲ್ಲ, ಇಟ್ಟೆ. ಸೀಸೆಗೆ ನೀರು ತುಂಬಿ ನೀಲಿ ಶಾಯಿ ಒಂದು ತೊಟ್ಟು ಬಿಟ್ಟರೆ ನರ್ಸಿಗೂ ಗೊತ್ತಾಗುವುದಿಲ್ಲ ಎನ್ನುವವರೆಗೂ ನನ್ನ ತಲೆ ಓಡಿತು. ಆ ಎಂಟು ಮಾತ್ರೆ ಎತ್ತಿಟ್ಟ ದಿನ ಇದ್ದಷ್ಟೇ ಪ್ರೀತಿ ಆಗಲೂ ಇತ್ತು, ಅದಕ್ಕಿಂತ ಹೆಚ್ಚೇ ಇತ್ತು. ಪ್ರೀತಿ ನನ್ನನ್ನು ತಡೆಯಲಿಲ್ಲ. ತಡೆದದ್ದು ಭಯ. ಬಿಲ್ಲೆಯ ಅಂಚಿನವರೆಗೂ ಒತ್ತಿಕೊಂಡು ಬಂದಿದ್ದ ಆ ಗುಲಾಬಿ ಬೆಳೆಯನ್ನು ನೋಡಿದ್ದವಳು ನಾನೊಬ್ಬಳೇ. ಎರಡೂ ಸೀಸೆಗಳನ್ನು ಡಬ್ಬಿಗೆ ಹಾಕಿದೆ. ಆ ಸಂಜೆಯದು, ಮರುದಿನದ ಎರಡು, ಅದರ ಮರುದಿನದ ಎರಡು, ಎಲ್ಲವೂ ಅವಳ ಮೈಗೆ ಹೋದವು. ಕೊನೆಯದನ್ನು ಚುಚ್ಚುವಾಗ ಕುಮುದ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಳುತ್ತಿದ್ದದ್ದು ಸೂಜಿಯ ನೋವಿಗಲ್ಲ.

ಬಿಡುಗಡೆಯಾದ ದಿನ ಒಂದು ಹೊತ್ತು ನನ್ನ ಮನೆಗೆ ಕರೆದೊಯ್ದು ಸಂಜೆ ಗಂಡನ ಮನೆಗೆ ಕಳಿಸಬೇಕಿತ್ತು. ಬಸುರಿ ಮಗಳು, ಬರಿ ಮಡಿಲಲ್ಲಿ ಕಳಿಸುವ ಹಾಗಿಲ್ಲ. ಅಕ್ಕಿ ಅಳೆದೆ, ಬೆಲ್ಲ, ಕೊಬ್ಬರಿ, ಹಸಿರು ಬಳೆ, ಅವಳಿಗೆ ಇಷ್ಟವೆಂದು ಎಳ್ಳುಂಡೆ. ಒಂದು ದೊಡ್ಡ ತಾಮ್ರದ ಚೆಂಬನ್ನೂ ಕೊಟ್ಟೆ, ದಿನಕ್ಕೆ ಐದು ಚೆಂಬು ನೀರು ಕುಡಿ, ಬಂದಾಗ ಎದ್ದು ಹೋಗು, ಪಡಸಾಲೆಯಲ್ಲಿ ಯಾರಿದ್ದರೂ ಸರಿ ಅಂದೆ. ಇದೇ ಮಾತನ್ನು ಸಿದ್ದಲಿಂಗಮ್ಮನ ಎದುರಿಗೂ ಹೇಳಿದೆ. ಅವರು ಮುಖ ಆಚೆ ತಿರುಗಿಸಿದರು. ಕುಮುದ ಅಕ್ಕಿಯೊಳಗೆ ಕೈ ತೂರಿಸಿ ತಳದವರೆಗೂ ತಡವಿ ನೋಡಿದಳು. ಒಮ್ಮೆ ನೋಡಿ, ಇನ್ನೊಮ್ಮೆ ನೋಡಿದಳು. ಕೈ ಹೊರಗೆ ತೆಗೆದು ಅಂಟಿದ ಅಕ್ಕಿಕಾಳನ್ನು ಮೆಲ್ಲಗೆ ಕೊಡವಿಕೊಂಡಳು.

"ಹೋಗ್ಬರ್ತೀನಿ," ಅಂದಳು. ಅಮ್ಮ ಅನ್ನಲಿಲ್ಲ.

ಕೇರಿಯಲ್ಲಿ ಸುದ್ದಿ ಹಬ್ಬುವುದಕ್ಕೆ ಎಷ್ಟು ಹೊತ್ತು ಬೇಕು. ಫ್ರಿಜ್ಜಿನ ಕೀ ಕೈಯಲ್ಲೇ ಇಟ್ಟುಕೊಂಡು ಸ್ವಂತ ಮಗಳಿಗೆ ಒಂದು ಸೀಸೆ ಎತ್ತಿಡದ ತಾಯಿ ನಾನು. ಹಳದಿಯನ್ನು ಕೊಂದವಳು ನಾನೇ ಎಂದು ಯಾರಾದರೂ ಬೈದಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದೆ. ಬಾಯಿಬಿಟ್ಟು ಹೇಳಿಕೊಂಡೆ ಕೂಡ, ಸಂತೆಯ ದಿನ ಚೆನ್ನವೀರಪ್ಪನ ಅಂಗಡಿಯ ಮುಂದೆ ನಿಂತು ಹತ್ತು ಜನ ಹೆಂಗಸರಿಗೆ ಹೇಳಿದೆ. ಅವರು ಸಮಾಧಾನ ಮಾಡಿದರು. ಎಂಟು ಮಾತ್ರೆ ಇಟ್ಟದ್ದು ತಾಯಿಯ ಧರ್ಮ ಅಂದರು. ನೀಲಿ ಇಡದಿದ್ದದ್ದು ಮಾತ್ರ ಅವರಿಗೆ ಅರ್ಥವಾಗಲಿಲ್ಲ.

ನೀಲಿ ಇನ್ನೂ ನೀಲಿಯಾಗಿಯೇ ಇದೆ. ಅದಾದ ಮೇಲೆ ಕೋಟೆ ಕೇರಿಯ ಆ ಮೂರು ಹೆಣ್ಣುಮಕ್ಕಳಲ್ಲಿ ಇಬ್ಬರು ಚಳಿಜ್ವರದಲ್ಲಿ ಬಂದರು, ಇಬ್ಬರಿಗೂ ಏಳೇಳು ದಿನ ನಾನೇ ನಿಂತು ಹಾಕಿಸಿದೆ, ಇಬ್ಬರೂ ನಡೆದುಕೊಂಡು ಮನೆಗೆ ಹೋದರು. ಅವರ ತಾಯಂದಿರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಕುಮುದಳಿಗೆ ಈಗ ಒಂಬತ್ತು ತಿಂಗಳು. ಚೊಚ್ಚಲ ಹೆರಿಗೆ, ತವರಿಗೆ ಬರಬೇಕಾದದ್ದು. ಬಾಣಂತನಕ್ಕೆ ಮೆಂತ್ಯದ ಹಿಟ್ಟು, ಹಳೆ ಬೆಲ್ಲ, ಮೆತ್ತನೆಯ ಹಳೆ ಸೀರೆಗಳು ಎಲ್ಲವನ್ನೂ ಅಣಿ ಮಾಡಿಕೊಂಡು ಕರೆಯಲು ಹೋದೆ. ಮಹಾಂತೇಶ ಬಾಗಿಲಲ್ಲೇ ನಿಂತು, "ಅವಳು ಇಲ್ಲೇ ಇರ್ತೀನಿ ಅಂತಾಳೆ ಅತ್ತೆ, ಬೇಜಾರು ಮಾಡ್ಕೋಬೇಡಿ" ಅಂದ. ಒಳಗೆ ಚೆಂಬಿನಿಂದ ನೀರು ಸುರಿಯುವ ಸದ್ದು ಕೇಳಿಸುತ್ತಿತ್ತು. ವಾಪಸು ಬಂದೆ.

ಮೇಡಂ ಹೇಳಿದ್ದಾರೆಂದು ತಿಂಗಳಿಗೊಮ್ಮೆ ಅವಳ ಬಾಟಲಿಯನ್ನು ಮಹಾಂತೇಶ ಲ್ಯಾಬಿಗೆ ತಂದುಕೊಡುತ್ತಾನೆ. ಇದುವರೆಗೆ ಆರು ಬಂದಿವೆ. ಆರನೆಯದು ಮೊನ್ನೆ ಬಂತು, ತಿಳಿಯಾಗಿ, ಬೆಳಕಿಗೆ ಹಿಡಿದರೆ ಆಚೆ ಕಡೆಯ ಕಿಟಕಿ ಕಾಣುವಷ್ಟು ತಿಳಿಯಾಗಿ ಇತ್ತು. ಸವರಿಟ್ಟೆ. ಬೆಳಿಗ್ಗೆ ತಟ್ಟೆಯನ್ನು ಕಿಟಕಿಯ ಹತ್ತಿರ ಒಯ್ದು ಮೂಲೆ ಮೂಲೆ ನೋಡಿದೆ. ಒಂದು ಚುಕ್ಕಿಯೂ ಇರಲಿಲ್ಲ. ಚೀಟಿಯಲ್ಲಿ ಅವಳ ಹೆಸರಿನ ಕೆಳಗೆ "ಏನೂ ಬೆಳೆದಿಲ್ಲ" ಎಂದು ಬರೆದು, ಸಹಿ ಹಾಕಿ, ಮಹಾಂತೇಶನ ಕೈಗೆ ಕೊಟ್ಟೆ. ಮಗಳಿಗೆ ನಾನು ಹೇಳಿ ಕಳಿಸುವುದು ಈಗ ಅದೊಂದನ್ನೇ.